ಅಲುಗುವ ಹಲ್ಲಿಗೆ ದಾರ ಬೇಡ

ಮಗುವಿನ ಹಲ್ಲು ಅಲುಗತೊಡಗಿತೆಂದರೆ ಮನೆಯವರ ಕೈ ಸುಮ್ಮನಿರುವುದಿಲ್ಲ. ಅಜ್ಜ ದಾರ ಹುಡುಕುತ್ತಾರೆ, ಚಿಕ್ಕಪ್ಪ ಅದರ ಇನ್ನೊಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟುತ್ತಾನೆ. ಮಗುವಿಗೆ ಅಳು, ಉಳಿದವರಿಗೆ ನಗು. ಈ ಅವಸರ ಖಂಡಿತ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಹಾಲುಹಲ್ಲುಗಳು ಒಟ್ಟು 20. ಸುಮಾರು 6ನೇ ವಯಸ್ಸಿಗೆ ಕೆಳಸಾಲಿನ ನಡುವಿನ ಹಲ್ಲುಗಳು ಮೊದಲು ಬೀಳುತ್ತವೆ. 12ರ ಹೊತ್ತಿಗೆ ಬಹುತೇಕ ಎಲ್ಲವೂ ಬಿದ್ದಿರುತ್ತವೆ. ಕೆಳಗಿನಿಂದ ಶಾಶ್ವತ ಹಲ್ಲು ಬೆಳೆದುಬರುವಾಗ ಹಾಲುಹಲ್ಲಿನ ಬೇರು ನಿಧಾನವಾಗಿ ಕರಗುತ್ತದೆ. ಬೇರು ಕರಗಿದ ಹಲ್ಲು ತಾನಾಗಿಯೇ ಉದುರುತ್ತದೆ. ನೋವೂ ಕಡಿಮೆ, ರಕ್ತವೂ ಕಡಿಮೆ. ಅದಕ್ಕೆ ಮೊದಲೇ ಎಳೆದರೆ ಬೇರು ಮುರಿಯಬಹುದು, ಒಸಡು ಹರಿಯಬಹುದು.

ಕೆಲವು ವರ್ಷಗಳ ಹಿಂದೆ 7 ವರ್ಷದ ಹುಡುಗನೊಬ್ಬನನ್ನು ಬೆಳಗಿನ ಜಾವ ನನ್ನಲ್ಲಿಗೆ ಕರೆತಂದರು. ಹಿಂದಿನ ಸಂಜೆ ದಾರ ಕಟ್ಟಿ ಹಲ್ಲು ಕಿತ್ತಿದ್ದರು. ರಾತ್ರಿಯಿಡೀ ರಕ್ತ ಒಸರಿ ದಿಂಬು ನೆನೆದಿತ್ತು. ಪರೀಕ್ಷೆ ಮಾಡಿಸಿದಾಗ ರಕ್ತ ಸುಲಭವಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂದು ತಿಳಿಯಿತು. ಹಲ್ಲು ತಾನಾಗಿ ಬಿದ್ದಿದ್ದರೂ ರಕ್ತ ಬರುತ್ತಿತ್ತೇನೋ. ಆದರೆ ಹರಿದ ಒಸಡು ಅದನ್ನು ಹೆಚ್ಚಿಸಿತ್ತು. ಈ ಕಾಯಿಲೆ ವಿರಳ, ನಿಜ. ಆದರೆ ಯಾವ ಮಗುವಿಗೆ ಇದೆಯೆಂದು ಮುಖ ನೋಡಿ ಹೇಳಲಾಗದು.

ಹಾಗಾದರೆ ನೀವೇನು ಮಾಡಬೇಕು? ಮಗು ನಾಲಿಗೆಯಿಂದ, ತೊಳೆದ ಬೆರಳಿನಿಂದ ತಾನೇ ಅಲುಗಿಸಲಿ. ಹಲ್ಲುಜ್ಜುವುದನ್ನು ನಿಲ್ಲಿಸಬೇಡಿ. ಹಲ್ಲು ಬಿದ್ದ ಮೇಲೆ ಶುಭ್ರವಾದ ಒದ್ದೆ ಬಟ್ಟೆಯನ್ನು ಮಡಿಸಿ 10ರಿಂದ 15 ನಿಮಿಷ ಕಚ್ಚಿ ಹಿಡಿಯಲಿ. ನಡುನಡುವೆ ತೆಗೆದು ನೋಡಬೇಡಿ, ಪದೇ ಪದೇ ಬಾಯಿ ಮುಕ್ಕಳಿಸಲು ಬಿಡಬೇಡಿ. ಗಾಯಕ್ಕೆ ಕಾಫಿಪುಡಿ ಮೆತ್ತಬೇಡಿ. ನೋವೆಂದು ಆಸ್ಪಿರಿನ್ ಕೊಡಲೇಬಾರದು. ಹಲ್ಲು ನುಂಗಿದರೆ ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತದೆ. ಆದರೆ ಕೆಮ್ಮು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಅರ್ಧ ಗಂಟೆಯಾದರೂ ರಕ್ತ ನಿಲ್ಲದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಬಿದ್ದು ಪೆಟ್ಟಾಗಿ ಹಲ್ಲು ಸಡಿಲವಾಗಿದ್ದರೆ, 4-5 ವರ್ಷಕ್ಕೆ ಮೊದಲೇ ಅಲುಗಿದರೆ, ಒಸಡು ಊದಿ ಕೀವಾದರೆ, ಹಾಲುಹಲ್ಲು ಗಟ್ಟಿಯಾಗಿರುವಾಗಲೇ ಹಿಂದೆ ಹೊಸ ಹಲ್ಲು ಮೂಡಿದರೆ ದಂತವೈದ್ಯರಿಗೆ ತೋರಿಸಿ.

ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಸಂಭ್ರಮ ನಮ್ಮಲ್ಲಿ ಹಳೆಯದು. ಅದು ಇರಲಿ. ಆ ದಿನ ಯಾವುದೆಂದು ಹಲ್ಲೇ ನಿರ್ಧರಿಸಲಿ, ನೀವಲ್ಲ.