ರಸ್ತೆ ಏರಿಸಿ ಮನೆ ಮುಳುಗಿಸುವವರನ್ನು ತಡೆಯೋಣ

ಐನಾಪುರದ ಬಂಧುಗಳೇ, ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಯ ಅಣ್ಣ-ಅಕ್ಕಂದಿರೇ,

ಮಳೆ ಜೋರಾದ ರಾತ್ರಿ ನಮ್ಮ ಓಣಿಗಳಲ್ಲಿ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ತೊಗರಿ ಚೀಲ ಮಂಚದ ಮೇಲೇರಿಸಿ, ಮಕ್ಕಳನ್ನು ಎತ್ತರದಲ್ಲಿ ಕೂಡಿಸಿ, ಬಕೆಟ್ಟಿನಿಂದ ನೀರು ಹೊರಚೆಲ್ಲುತ್ತ ಬೆಳಗು ಮಾಡಿದವರು ನೀವೇ. ಬೆಳಗಾದ ಮೇಲೆ ‘ದೇವರ ಮಳೆ, ಯಾರೇನು ಮಾಡಲಿಕ್ಕಾಗ್ತದ’ ಎಂದು ಸುಮ್ಮನಾಗುವವರೂ ನೀವೇ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

2020ರ ಅಕ್ಟೋಬರಿನಲ್ಲಿ ಕಾಗಿಣಾ ನದಿ ಉಕ್ಕಿದ್ದು ಮಳೆಯಿಂದ, ಒಪ್ಪೋಣ. ಮರುವರ್ಷ ಗಡಿಕೇಶ್ವಾರ ಊರಿನ ಗೋಡೆಗಳು ಬಿರಿದದ್ದು ಭೂಮಿ ನಡುಗಿ. ಆದರೆ ಹೊಳೆಯ ಸುಳಿವೇ ಇಲ್ಲದ ಓಣಿಯಲ್ಲಿ, ಒಂದು ತಾಸಿನ ಮಳೆಗೆ ಅಡುಗೆಮನೆಯೊಳಗೆ ನೀರು ನಿಲ್ಲುವುದು ಯಾರ ಕೆಲಸ? ಹೊಸ್ತಿಲ ಹೊರಗೆ ನಿಂತು ಒಮ್ಮೆ ನೋಡಿ. ರಸ್ತೆ ಮನೆಗಿಂತ ಮೇಲಿದೆ.

ಹಳೆಯ ಸೀಸಿ ರಸ್ತೆಯನ್ನು ಅಗೆದು ತೆಗೆಯದೆ ಅದರ ತಲೆಯ ಮೇಲೇ ಹೊಸ ಕಾಂಕ್ರೀಟ್ ಸುರಿಯುತ್ತಾರೆ. ಒಂದು ಪದರೆಂದರೆ ಹೆಚ್ಚುಕಡಿಮೆ ಅರ್ಧ ಅಡಿ. ಮೂರು ಸಲ ಹಾಕಿದರೆ, ಅಜ್ಜ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಮೊಮ್ಮಗ ಇಳಿದು ಹೋಗಬೇಕು. ಅಗೆಯುವುದಕ್ಕೆ ಖರ್ಚಿದೆ, ತ್ರಾಸಿದೆ, ಸುರಿಯುವುದು ಸಸಾರ. ಆ ಸಸಾರದ ಬೆಲೆಯನ್ನು ತೆರುವುದು ಬಡವರ ಗೋಡೆ. ಇದನ್ನು ನಾನು ಕ್ಷಮಿಸಲಾರೆ.

ನಮ್ಮ ಹಳೆಯ ಮನೆಗಳು ಯಾವುದರಿಂದ ಕಟ್ಟಿದವು? ಕಲ್ಲು, ಮಣ್ಣು, ಮೇಲೆ ಶಹಾಬಾದಿನ ಪರಸಿ. ಕಲ್ಲು ನೀರಿಗೆ ಜಗ್ಗುವುದಿಲ್ಲ, ಕಲ್ಲುಗಳ ನಡುವಿನ ಮಣ್ಣು ಕರಗುತ್ತದೆ. ಮಳೆ ನಿಂತು ಎರಡು ದಿನ ಕಳೆದ ಮೇಲೂ ಗೋಡೆ ಕುಸಿಯುವುದು ಅದಕ್ಕೇ. ಮೇಲೆ ಮಾಳಗಿಯ ಭಾರ, ಕೆಳಗೆ ಮಲಗಿದ ಮಕ್ಕಳು. ಎರೆನೆಲವಾದರಂತೂ ನೆನೆದಾಗ ಉಬ್ಬಿ, ಒಣಗಿದಾಗ ಬಿರಿದು ಬುನಾದಿಯನ್ನೇ ಅಲುಗಿಸುತ್ತದೆ. ಹೆದರಿದ ನಾವು ಗೋಡೆಯ ಬುಡಕ್ಕೆ ಸಿಮೆಂಟ್ ಗಿಲಾವು ಮೆತ್ತುತ್ತೇವೆ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಇನ್ನಷ್ಟು ಸಡಿಲಾಗುತ್ತದೆ. ಸುಣ್ಣದ ಕಲ್ಲಿನ ಸೀಮೆಯಲ್ಲಿ ಹುಟ್ಟಿ ಸುಣ್ಣದ ಗಾರೆಯನ್ನೇ ಮರೆತೆವಲ್ಲ!

ಕಾಸಿದ್ದವರು ಅಂಗಳಕ್ಕೆ ಮೊರಂ ಹಾಕಿಸಿ ಎತ್ತರವಾದರು. ಅವರ ಅಂಗಳದ ನೀರೂ ಈಗ ಓಣಿಯ ತುದಿಯ ವಿಧವೆಯ ಮನೆಗೇ ಹರಿಯುತ್ತದೆ. ಇದು ನೆರೆಹೊರೆಯ ಧರ್ಮವೇ?

ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ದುಡ್ಡು ಬಂತು. ಬರಲಿ, ಇನ್ನೂ ಬರಲಿ. ಆದರೆ ರಸ್ತೆಯ ಭೂಮಿಪೂಜೆಯ ದಿನ ಮುಂದೆ ನಿಂತು ಚಪ್ಪಾಳೆ ತಟ್ಟಿದ ನಮ್ಮಲ್ಲಿ ಒಬ್ಬರಾದರೂ ‘ಹಳೆ ರಸ್ತೆ ಯಾವಾಗ ಅಗೀತೀರಿ’ ಎಂದು ಕೇಳಿದರೇ? ತಮಿಳುನಾಡಿನಲ್ಲಿ 2021ರಲ್ಲಿ ಅಲ್ಲಿನ ಮುಖ್ಯ ಕಾರ್ಯದರ್ಶಿಯೇ, ಹಳೆಯ ಪದರು ಕೆರೆದು ತೆಗೆದ ಮೇಲೆಯೇ ಹೊಸದು ಹಾಕಬೇಕು, ರಸ್ತೆಯ ಮಟ್ಟ ಏರಬಾರದು ಎಂದು ಅಧಿಕಾರಿಗಳಿಗೆ ತಾಕೀತು ಮಾಡಿದರು. ಅಲ್ಲಿಯವರ ಮನೆ ಮನೆ, ನಮ್ಮದು ಹೊಂಡವೇ?

ಮನೆ ಬಿದ್ದ ಮೇಲೆ ಪರಿಹಾರಕ್ಕೆ ತಹಸೀಲ್ ಕಚೇರಿಯ ಮುಂದೆ ಸಾಲು ನಿಲ್ಲುತ್ತೇವೆ. 2019ರ ನೆರೆಯಲ್ಲಿ ತುರ್ತು ಪರಿಹಾರವೆಂದು ಸರ್ಕಾರ ಘೋಷಿಸಿದ್ದು 10,000 ರೂಪಾಯಿ. ಒಂದು ಕೋಣೆಯ ಗೋಡೆ ಎಬ್ಬಿಸಲಿಕ್ಕೆ ಅದು ಎಲ್ಲಿ ಸಾಲುತ್ತದೆ? ಆ ಸಾಲಿನಲ್ಲಿ ನಿಲ್ಲುವ ಕಾಲುಗಳು ಗ್ರಾಮಸಭೆಗೆ ಯಾಕೆ ಬರುವುದಿಲ್ಲ?

ಬನ್ನಿ. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಮಾತು ಠರಾವಿಗೆ ಬರೆಸೋಣ: ಹಳೆಯದನ್ನು ಅಗೆಯದೆ ಹೊಸ ರಸ್ತೆ ಬೇಡ, ಹೊಸ್ತಿಲಿಗಿಂತ ರಸ್ತೆ ಮೇಲಾದರೆ ಬಿಲ್ಲು ಪಾಸಾಗಬಾರದು. ಕಾಂಕ್ರೀಟ್ ಗಾಡಿ ಓಣಿಗೆ ಬಂದ ದಿನ ಹೊಲದ ಕೆಲಸ ಬಿಟ್ಟು ಎಲ್ಲರೂ ಬಾಗಿಲಲ್ಲಿ ನಿಲ್ಲಿ. ಅಗೆದಿಲ್ಲವೆಂದರೆ ಗಾಡಿಯನ್ನು ವಾಪಸ್ ಕಳಿಸಿ.