ಮಗುವಿಗೆ ನಿಜವನ್ನೇ ಹೇಳಿ

ಮಗ ಹಠ ಹಿಡಿದು ತರಿಸಿಕೊಂಡ ಹ್ಯಾಮ್‌ಸ್ಟರ್ ಮರಿ ನಮ್ಮನೆಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಸೋಮವಾರ ಸಂಜೆ ಮೂಲೆಯಲ್ಲಿ ಮುದುರಿ ಕೂತಿತ್ತು, ಬಾಲದ ಹತ್ತಿರ ಒದ್ದೆ. "ನಾಳೆ ನೋಡೋಣ" ಅಂದೆ. ಮರುದಿನ ಮನೆ ತುಂಬ ನೆಂಟರು. ಬುಧವಾರ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿತ್ತು.

ಅವನು ಏಳುವ ಮೊದಲೇ ಹಿತ್ತಲಲ್ಲಿ ಹೂತು, "ಓಡಿಹೋಯ್ತು ಕಣೋ" ಎಂದೆ. ಮೂರು ರಾತ್ರಿ ಟಾರ್ಚ್ ಹಿಡಿದು ಬೀರುವಿನ ಕೆಳಗೆ, ಅಕ್ಕಿ ಡಬ್ಬದ ಹಿಂದೆ ಹುಡುಕಿದ. ಬಾಗಿಲ ಬಳಿ ಸೂರ್ಯಕಾಂತಿ ಬೀಜ ಇಟ್ಟು ಮಲಗಿದ. ನನಗೆ ತಡೆಯಲಾಗಲಿಲ್ಲ. ಕರೆದೊಯ್ದು ಜಾಗ ತೋರಿಸಿದೆ. ಬಿಕ್ಕಿ ಬಿಕ್ಕಿ ಅತ್ತ. "ಮೊದಲೇ ಯಾಕಮ್ಮಾ ಹೇಳಲಿಲ್ಲ?" ಎಂದ.

ಪಶುವೈದ್ಯರನ್ನು ಕೇಳಿದಾಗ ತಿಳಿಯಿತು: ಇದು 'ವೆಟ್ ಟೇಲ್' ಎಂಬ ಕರುಳಿನ ರೋಗ. ಮರಿಗಳಿಗೇ ಹೆಚ್ಚು. ಹೊಸ ಜಾಗದ ಗಾಬರಿಯೂ ಕಾರಣವಾಗಬಹುದು. ಎರಡು ಮೂರು ದಿನದಲ್ಲೇ ಪ್ರಾಣ ತೆಗೆದೀತು. ಭೇದಿ ಕಂಡ ದಿನವೇ ವೈದ್ಯರಿಗೆ ತೋರಿಸಬೇಕು. ಆದರೂ ಉಳಿಯುವ ಖಾತ್ರಿಯಿಲ್ಲ. ಆರೋಗ್ಯವಾಗಿದ್ದರೂ ಇವುಗಳ ಆಯಸ್ಸು ಸುಮಾರು 2-3 ವರ್ಷವಷ್ಟೇ.

ನಿಮ್ಮ ಮನೆಯಲ್ಲೂ ಹೀಗಾದರೆ "ಸತ್ತುಹೋಯಿತು" ಎಂದೇ ಹೇಳಿ. "ನಿದ್ದೆ ಮಾಡ್ತಿದೆ" ಎಂದರೆ ಮಗು ತಾನು ಮಲಗಲೂ ಹೆದರೀತು. "ನಿನ್ನ ತಪ್ಪಲ್ಲ ಕಂದ" ಅನ್ನಿ. ಅಳಲು ಬಿಡಿ, ಮಣ್ಣು ಹಾಕಲು ಜೊತೆಗೆ ಕರೆಯಿರಿ. ಗೂಡು ಮುಟ್ಟಿದ ಕೈಗಳನ್ನು ಸೋಪಿನಿಂದ ತೊಳೆಸಿ. ಮರುದಿನವೇ ಇನ್ನೊಂದನ್ನು ತರಬೇಡಿ.

ಆ ಸೋಮವಾರದ ಸಂಜೆ ನನ್ನನ್ನು ಇನ್ನೂ ಕಾಡುತ್ತದೆ. ಅದನ್ನೂ ಅವನಿಗೆ ಹೇಳಿದೆ. "ಇರಲಿ ಬಿಡಮ್ಮಾ" ಎಂದು ನನ್ನ ಸೆರಗು ಹಿಡಿದುಕೊಂಡ.