ಅಂಡರ್‌ಸ್ಕೋರ್ ಎಲ್ಲಿ ಹೋಯ್ತು?

ಹೋದ ಸೆಮ್‌ನ ಪೈಥಾನ್ ಇಂಟರ್ನಲ್ಸ್‌ನಲ್ಲಿ ನನಗೆ ಎರಡು ಮಾರ್ಕ್ಸ್ ಹೋಯ್ತು. ಲಾಗಿಂಗ್ ಮಾಡ್ಯೂಲ್‌ನ ಫಂಕ್ಷನ್ ಹೆಸರನ್ನು 'ಗೆಟ್ ಅಂಡರ್‌ಸ್ಕೋರ್ ಲಾಗರ್' ಅಂತ ಬರೆದಿದ್ದೆ. ಇರಬೇಕಾದದ್ದು 'ಗೆಟ್‌ಲಾಗರ್', ನಡುವೆ ಏನೂ ಇಲ್ಲ, ಎಲ್ ಮಾತ್ರ ಕ್ಯಾಪಿಟಲ್. ಕನ್ನಡ ಲಿಪಿಯಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ, ಹಾಗಾಗಿ ಈ ಜಗಳವನ್ನು ಕನ್ನಡದಲ್ಲಿ ಬರೆದು ತೋರಿಸೋದೇ ಒಂದು ತಮಾಷೆ. ಪೈಥಾನ್‌ನ ಶೈಲಿ ನಿಯಮ, ಅಂದ್ರೆ ಪೆಪ್ 8, ಫಂಕ್ಷನ್ ಹೆಸರಿಗೆ ಸಣ್ಣಕ್ಷರ ಮತ್ತು ಅಂಡರ್‌ಸ್ಕೋರ್ ಬಳಸಿ ಅನ್ನುತ್ತೆ. ನಿಯಮ ಪಾಲಿಸಿದವನಿಗೇ ಮಾರ್ಕ್ಸ್ ಕಟ್! ಯಾಕೆ ಸರ್ ಅಂತ ಕೇಳಿದ್ರೆ, "ಅದು ಹಾಗೇ ಇರೋದು, ಬೈಹಾರ್ಟ್ ಮಾಡ್ಕೊ" ಅಂದ್ರು.

ನನ್ನ ತಕರಾರು ಆ ಮಾತಿನ ಮೇಲೆ. ಯಾವುದೂ ಸುಮ್ಮನೆ 'ಹಾಗೇ' ಇರೋದಿಲ್ಲ, ಎಲ್ಲಿಂದಲೋ ಬಂದಿರುತ್ತೆ.

ಲಾಗಿಂಗ್ ಮಾಡ್ಯೂಲ್ ಪೈಥಾನ್‌ಗೆ ಸೇರಿದ್ದು 2003ರಲ್ಲಿ, 2.3 ಆವೃತ್ತಿಯಲ್ಲಿ. ಅದರ ಮಾದರಿ ಜಾವಾ ಲೋಕದ ಲಾಗ್‌ಫಾರ್‌ಜೆ. ಜಾವಾದವರು ಪದಗಳನ್ನು ಅಂಟಿಸಿ ನಡುವೆ ಕ್ಯಾಪಿಟಲ್ ಹಾಕ್ತಾರೆ, ಆ ಅಭ್ಯಾಸವೂ ಜೊತೆಗೇ ಬಂತು. ಯೂನಿಟ್‌ಟೆಸ್ಟ್ ಇನ್ನೂ ದೂರದಿಂದ ಬಂದದ್ದು. ಅದರ 'ಸೆಟ್‌ಅಪ್', 'ಅಸರ್ಟ್‌ಈಕ್ವಲ್' ಎಲ್ಲ ಜಾವಾದ ಜೆಯೂನಿಟ್‌ನಿಂದ ಬಂದವು. ಆ ಜೆಯೂನಿಟ್‌ನ ಮೂಲ, ಕೆಂಟ್ ಬೆಕ್ ಸ್ಮಾಲ್‌ಟಾಕ್‌ಗೆ ಬರೆದಿದ್ದ ಎಸ್‌ಯೂನಿಟ್. ಅಂದ್ರೆ ನಾವು ಲ್ಯಾಬ್‌ನಲ್ಲಿ ಕೂತು ಟೆಸ್ಟ್ ಬರೆಯುವಾಗ, ಹೆಸರನ್ನೂ ಕೇಳಿರದ ಒಂದು ಭಾಷೆಯ ರೂಢಿಯನ್ನು ಟೈಪ್ ಮಾಡ್ತಿರ್ತೀವಿ.

ಜಾವಾಸ್ಕ್ರಿಪ್ಟ್‌ನಲ್ಲಿ ಜನವರಿ ಅಂದ್ರೆ 0, ಡಿಸೆಂಬರ್ ಅಂದ್ರೆ 11. ಇದಕ್ಕೆ ಬೈಯದ ವೆಬ್ ಡೆವಲಪರ್ ಇಲ್ಲ. ಆದರೆ 1995ರಲ್ಲಿ ಆ ಭಾಷೆಯನ್ನು ಅವಸರದಲ್ಲಿ ಕಟ್ಟಿದಾಗ ಡೇಟ್ ಕ್ಲಾಸನ್ನು ಜಾವಾದಿಂದ ನಕಲು ಮಾಡಿದ್ರು. ಜಾವಾಗಿಂತ ಮೊದಲೇ ಸಿ ಭಾಷೆಯಲ್ಲಿ ತಿಂಗಳು 0ಯಿಂದ ಶುರು, ವರ್ಷ 1900ರಿಂದ ಎಣಿಕೆ. ಜಾವಾ ಆ ಕ್ಲಾಸಿನ ಬಹುಪಾಲು ಮೆಥಡ್‌ಗಳನ್ನು ಬಳಸಬೇಡಿ ಅಂತ 1997ರಲ್ಲೇ ಗುರುತು ಹಾಕ್ತು. ನಕಲು ಮಾಡಿದವನ ಹತ್ತಿರ ಮಾತ್ರ ಅದು ಇವತ್ತಿಗೂ ಉಳಿದಿದೆ!

ಮೊದಲು ನಾನೂ ಇದನ್ನೆಲ್ಲ ಕಸ ಅಂದುಕೊಂಡಿದ್ದೆ. ಮಿನಿ ಪ್ರಾಜೆಕ್ಟ್‌ನಲ್ಲಿ ಸಿಟ್ಟಿಗೆ ಒಂದು ಫೈಲ್ ಬರೆದು, ಇಂಥ ಹೆಸರುಗಳನ್ನೆಲ್ಲ ಅಂಡರ್‌ಸ್ಕೋರ್‌ಗೆ ತಿರುಗಿಸಿಟ್ಟೆ. ನೋಡೋಕೆ ಚಂದ ಇತ್ತು. ರಿವ್ಯೂ ಹಿಂದಿನ ರಾತ್ರಿ ಪ್ರೋಗ್ರಾಂ ಕೈ ಕೊಟ್ಟಾಗ ಟೀಮ್‌ಮೇಟ್ ಫೋನ್ ಮಾಡಿ, "ಮಗಾ, ನೀನು ಬರೆದಿರೋ ಹೆಸರು ಗೂಗಲ್‌ನಲ್ಲೇ ಇಲ್ವಲ್ಲೋ" ಅಂದ. ಅವನು ಡಾಕ್ಯುಮೆಂಟೇಶನ್‌ನಲ್ಲಿ ಹುಡುಕ್ತಿದ್ದದ್ದು ನನ್ನ ತಲೆಯಲ್ಲಿ ಮಾತ್ರ ಇದ್ದ ಫಂಕ್ಷನ್. ರಾತ್ರಿ ಒಂದು ಗಂಟೆಗೆ ಆ ಫೈಲ್ ಡಿಲೀಟ್ ಮಾಡಿದೆ.

ಭಾಷೆ ಕಟ್ಟುವವರೇ ಗುಡಿಸಬಹುದಲ್ಲ ಅಂತ ಕೇಳಬಹುದು. ಕೆಲವು ಸಲ ಗುಡಿಸಿದ್ದಾರೆ. 2008ರ ಪೈಥಾನ್ 3ರಲ್ಲಿ ಕೆಲವು ಮಾಡ್ಯೂಲ್‌ಗಳ ಹೆಸರು ಸಣ್ಣಕ್ಷರಕ್ಕೆ ಇಳಿಯಿತು, ಗೆಟ್‌ಲಾಗರ್ ಹಾಗೇ ಉಳಿಯಿತು. 2023ರ 3.12ರಲ್ಲಿ 'ಅಸರ್ಟ್‌ಈಕ್ವಲ್ಸ್' ಅನ್ನೋ ಹಳೆಯ ಅಡ್ಡಹೆಸರನ್ನು ಕಿತ್ತು ಹಾಕಿದ್ರು. ಒಂದೇ ಒಂದು 'ಎಸ್' ಹೋಗಿದ್ದಕ್ಕೆ, ಅದನ್ನು ನಂಬಿಕೊಂಡಿದ್ದ ಹಳೆಯ ಟೆಸ್ಟ್‌ಗಳು ಓಡೋದು ನಿಂತುಹೋಯ್ತು. ಪೆಪ್ 8 ಕೂಡ, ಮೊದಲಿನಿಂದ ಬೇರೆ ಶೈಲಿ ಇರುವ ಕಡೆ ಅದನ್ನೇ ಮುಂದುವರಿಸಬಹುದು ಅನ್ನುತ್ತೆ. ನಾನು ಆ ಸಾಲನ್ನು ಓದಿದ್ದು ಮಾರ್ಕ್ಸ್ ಹೋದ ಮೇಲೆ.

ಕನ್ನಡದಲ್ಲೂ ಇದೆ ನೋಡಿ. 'ತಾಲೂಕು ಕಚೇರಿಗೆ ಅರ್ಜಿ ಹಾಕು' ಅನ್ನೋ ವಾಕ್ಯದಲ್ಲಿ ಮೂರು ನಾಮಪದ, ಮೂರೂ ಹಳೆಯ ಆಡಳಿತದ ಜೊತೆ ಹೊರಗಿಂದ ಬಂದವು. ಅವನ್ನು ನಾವು ತಪ್ಪು ಕನ್ನಡ ಅನ್ನಲ್ಲ.

ನಾನು ಕೇಳೋದು ಕ್ಲಾಸ್‌ನಲ್ಲಿ ಎರಡು ನಿಮಿಷ, ಅಷ್ಟೆ. ಲಾಗಿಂಗ್ ಹೇಳಿಕೊಡುವಾಗ ಜಾವಾ ಹೆಸರು ಒಂದು ಸಲ ಬಂದಿದ್ರೂ ಆ ಕ್ಯಾಪಿಟಲ್ ಎಲ್ ನನಗೆ ಮರೀತಿರಲಿಲ್ಲ. ವೈವಾದಲ್ಲಿ 'ಸೆಟ್‌ಅಪ್‌ಗೆ ಅಂಡರ್‌ಸ್ಕೋರ್ ಯಾಕಿಲ್ಲ?' ಅಂತ ಒಂದು ಪ್ರಶ್ನೆ ಕೇಳಿ ಸರ್. ಈಗ ಉತ್ತರ ಗೊತ್ತು.